ಮಗನ ಡಬ್ಬಿಯ ಸಾಲ

ನಿಮ್ಮ ಮನೆಯ ಕಪಾಟಿನ ಮೂಲೆಯಲ್ಲಿ ಮಕ್ಕಳ ಹಣದ ಡಬ್ಬಿಯೊಂದು ಇರಬಹುದು. ಹಾಲಿನ ಪುಡಿಯ ಡಬ್ಬಿಯೋ, ಬಿಸ್ಕತ್ತಿನ ಟಿನ್ನೋ, ಮಣ್ಣಿನ ಹುಂಡಿಯೋ, ಏನಾದರೂ ಆಗಿರಲಿ. ಕೊನೆಯ ಸಲ ಅದರಿಂದ ಹಣ ತೆಗೆದವರು ಯಾರು? ಮಗುವೋ, ನೀವೋ? ತೆಗೆದದ್ದನ್ನು ಮರಳಿ ಹಾಕಿದ್ದೀರಾ? ಈ ಪ್ರಶ್ನೆಗೆ ಮೊದಲು ನನ್ನ ಉತ್ತರವನ್ನೇ ಹೇಳಿಬಿಡುತ್ತೇನೆ. ನಾನು ತೆಗೆದಿದ್ದೆ. ಐದು ತಿಂಗಳವರೆಗೆ ಮರಳಿ ಹಾಕಿರಲಿಲ್ಲ.

ನನ್ನ ಮಗ ಹಣ ಕೂಡಿಡುತ್ತಿದ್ದುದು ಒಂದು ಕಾರಿಗಾಗಿ. ಹೊಸ ಕಾರಿಗಲ್ಲ. ನಾನು ಒಂದನೇ ತರಗತಿಗೆ ಸೇರುವ ಮೊದಲೇ ರಸ್ತೆಗಿಳಿದಿದ್ದ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ. ಹದಿನಾಲ್ಕು ವರ್ಷದ ಹುಡುಗನಿಗೆ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಕೇಳಿದ್ದೆವು.

ಅದು ಶುರುವಾದದ್ದು 2023ರ ಅಕ್ಟೋಬರ್ ಕೊನೆಯಲ್ಲಿ, ಟಿ.ವಿ.ಯ ಮುಂದೆ. ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ಅಂದು ರಸ್ತೆಗೆ ವಿದಾಯ ಹೇಳಿತ್ತು. ಅಲ್ಲಿ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷಗಳ ಮಿತಿ ಇದೆ, ಅದು ತುಂಬಿತ್ತು. ಮೇಲೆ ಹಳದಿ, ಕೆಳಗೆ ಕಪ್ಪು ಬಣ್ಣದ ಆ ಕಾರನ್ನು ಕಂಡದ್ದೇ ತಡ, ಮಂಚದಲ್ಲಿ ಒರಗಿದ್ದ ನನ್ನ ಉಪ್ಪ ಎದ್ದು ಕುಳಿತರು. ನಮ್ಮ ಕರಾವಳಿಯ ಎಷ್ಟೋ ಮಂದಿಯಂತೆ ಅವರೂ ಎಳೆಯ ವಯಸ್ಸಿನಲ್ಲೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದವರು. "ನೋಡು ಮೋನೇ, ಮದುವೆಯಾದ ಹೊಸತರಲ್ಲಿ ನಿನ್ನ ಅಜ್ಜಿಯನ್ನು ಇಂಥದ್ದೇ ಟ್ಯಾಕ್ಸಿಯಲ್ಲಿ ಕೋಣೆಗೆ ಕರೆದುಕೊಂಡು ಹೋದದ್ದು. ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕ ನಾನು, ಹಿಂದೆ ಅವಳು ಮತ್ತು ಅವಳ ಟ್ರಂಕು. ಅವಳು ದಾರಿಯುದ್ದಕ್ಕೂ ಕಿಟಕಿಯಿಂದ ಮುಖ ತೆಗೆಯಲಿಲ್ಲ" ಎಂದರು. ಅಜ್ಜಿ ತೀರಿಕೊಂಡ ಮೇಲೆ ಉಪ್ಪ ಅವರ ಬಗ್ಗೆ ಅಷ್ಟು ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಗ ಏನೂ ಹೇಳಲಿಲ್ಲ. ಆದರೆ ಮರುದಿನವೇ ನಮ್ಮ ಬೀದಿಯ ಕೊನೆಯಲ್ಲಿರುವ ನಿವೃತ್ತ ಮಾಷ್ಟ್ರ ಮನೆಗೆ ಹೋಗಿದ್ದ. ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿದ ಒಂದು ಪದ್ಮಿನಿ ವರ್ಷಗಳಿಂದ ನಿಂತಿತ್ತು. ಅದರ ಮೇಲೆ ಕೋಳಿಗಳು ಮಲಗುತ್ತಿದ್ದವು. ಮಾಷ್ಟ್ರು ಟಾರ್ಪಾಲು ಸರಿಸಿ ತೋರಿಸಿದರಂತೆ. ಗೇರಿನ ಕಡ್ಡಿ ಈಗಿನ ಕಾರುಗಳಂತೆ ಕೆಳಗಿಲ್ಲ, ಸ್ಟೇರಿಂಗಿನ ಪಕ್ಕದಲ್ಲೇ ಇದೆ. ಮುಂದಿನ ಸೀಟು ಬಿಡಿಬಿಡಿಯಾಗಿಲ್ಲ, ಬೆಂಚಿನಂತೆ ಉದ್ದಕ್ಕಿದೆ. ಮಗ ಮನೆಗೆ ಬಂದು ಹೇಳಿದ್ದು ಒಂದೇ ಮಾತು, "ಉಮ್ಮಾ, ಅಜ್ಜನನ್ನು ಆ ಮುಂದಿನ ಸೀಟಿನಲ್ಲಿ ಕೂರಿಸಿ ಕಡಲ ತೀರದವರೆಗೆ ಹೋಗಬೇಕು."

ಈ ಕಾರಿನ ಕಥೆಯನ್ನು ನಾನು ತಿಳಿದದ್ದೂ ಮಗನಿಂದಲೇ. ನಮ್ಮ ಹಿರಿಯರು ಇದನ್ನು ಇಂದಿಗೂ 'ಫಿಯೆಟ್' ಎಂದೇ ಕರೆಯುತ್ತಾರೆ. ಅದು ಸುಮ್ಮನೆ ಬಂದ ಹೆಸರಲ್ಲ. ಇಟಲಿಯ ಫಿಯೆಟ್ ಕಂಪೆನಿಯ 1100 ಎಂಬ ಮಾದರಿಯನ್ನು ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ನಮ್ಮಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. 1983ರ ಕೊನೆಗೆ ಮಾರುತಿ 800 ಬರುವವರೆಗೆ ನಮ್ಮ ದೇಶದಲ್ಲಿ ಕಾರು ಎಂದರೆ ಹೆಚ್ಚಾಗಿ ಎರಡೇ, ಅಂಬಾಸಿಡರ್ ಅಥವಾ ಫಿಯೆಟ್. ಹಣ ಕಟ್ಟಿ, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಇಂದು ಸಾಲದ ಅರ್ಜಿಗೆ ಸಹಿ ಹಾಕಿದ ವಾರದಲ್ಲೇ ಕಾರು ಅಂಗಳಕ್ಕೆ ಬರುತ್ತದೆ. ಅಂದಿನವರಿಗೆ ಹಣವಿದ್ದರೂ ಕಾಯುವುದು ತಪ್ಪುತ್ತಿರಲಿಲ್ಲ. ಬಹುಶಃ ಅದಕ್ಕಾಗಿಯೇ ಆ ಕಾರುಗಳನ್ನು ಮನೆಯ ಸದಸ್ಯರಂತೆ ನೋಡಿಕೊಳ್ಳುತ್ತಿದ್ದರು.

ಮಾಷ್ಟ್ರು ಹೇಳಿದ ಬೆಲೆ 55,000 ರೂಪಾಯಿ. ಮಗ ಹಾಲಿನ ಪುಡಿಯ ಖಾಲಿ ಡಬ್ಬಿಯೊಂದನ್ನು ತೊಳೆದು ಒಣಗಿಸಿದ. ನನ್ನ ಹಳೆಯ ಹಾಜರಿ ಪುಸ್ತಕದ ಉಳಿದ ಹಾಳೆಗಳಲ್ಲಿ ಮೂರು ಗೆರೆ ಎಳೆದ. ಬಂದದ್ದು, ಹೋದದ್ದು, ಉಳಿದದ್ದು. ಈದ್‌ನ ದಿನ ಹಿರಿಯರು ಕೈಗಿಡುವ ನೋಟುಗಳು, ರಜೆಯಲ್ಲಿ ತೋಟದ ಮನೆಯಲ್ಲಿ ಅಡಿಕೆ ಸುಲಿದ ಕೂಲಿ, ನೆರೆಮನೆಯ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟದ್ದಕ್ಕೆ ಸಿಕ್ಕಿದ್ದು, ಎಲ್ಲವೂ ಅದರಲ್ಲಿ ಬಂತು. ಬಸ್ಸು ಬಿಟ್ಟು ಸೈಕಲಿನಲ್ಲಿ ಶಾಲೆಗೆ ಹೋಗಿ ಉಳಿಸಿದ ಚಿಲ್ಲರೆಯನ್ನೂ ದಿನಾಂಕ ಹಾಕಿ ಬರೆಯುತ್ತಿದ್ದ.

ನನ್ನ ಮನೆಯವರು ನಗುತ್ತಿದ್ದರು. "ತುಕ್ಕು ಹಿಡಿದ ತಗಡಿಗೆ ಇಷ್ಟು ಲೆಕ್ಕವಾ?" ಎಂದು ನೆಂಟರ ಮುಂದೆಯೂ ಹೇಳಿ ನಗಿಸುತ್ತಿದ್ದರು. ನಾನು ನಗಲಿಲ್ಲ. ಆದರೆ ಅವರನ್ನು ತಡೆಯಲೂ ಇಲ್ಲ.

ಹುಡುಗ ಮಾತ್ರ ತನ್ನ ಲೆಕ್ಕವನ್ನು ಬಿಗಿ ಮಾಡುತ್ತಾ ಹೋದ. ಪೇಟೆಯ ಗ್ಯಾರೇಜಿನ ಕಾಕನ ಬಳಿ ಹೋಗಿ, ಕಾರು ಕೊಂಡರೆ ಸಾಕೋ, ಮತ್ತೇನು ಬೇಕು ಎಂದು ಕೇಳಿ ಬಂದ. ಅವರು ಹೇಳಿದ್ದನ್ನು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದ. ಖಾಸಗಿ ಕಾರಿನ ನೋಂದಣಿ ಮೊದಲಿಗೆ ಹದಿನೈದು ವರ್ಷಕ್ಕೆ. ಆಮೇಲೆ ಆರ್.ಟಿ.ಒ. ಕಚೇರಿಯಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮಾಷ್ಟ್ರ ಕಾರಿನ ನೋಂದಣಿ ಎಂದೋ ಮುಗಿದಿತ್ತು. ನವೀಕರಣದ ಶುಲ್ಕ 5,000. ನಾಲ್ಕು ಟಯರಿಗೆ 12,000. ಬ್ಯಾಟರಿಗೆ 5,000. ಮೂರನೆಯವರ ವಿಮೆ ಕಡ್ಡಾಯ, ಅದಕ್ಕೆ ತೆರಿಗೆ ಸೇರಿ 4,000. ಬ್ರೇಕು, ಕಾರ್ಬ್ಯುರೇಟರು, ಒಣಗಿ ಬಿರುಕು ಬಿಟ್ಟ ರಬ್ಬರಿನ ಪೈಪುಗಳು ಮತ್ತು ಕೂಲಿ ಎಲ್ಲ ಸೇರಿ 25,000. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುವುದರಿಂದ ಹಳೆಯ ರಬ್ಬರು ಬೇಗ ಹಾಳಾಗುತ್ತದೆ, ಅದನ್ನು ಬದಲಿಸದೆ ಗಾಡಿ ಹೊರಗೆ ತೆಗೆಯಲೇಬೇಡ ಎಂದು ಕಾಕ ಎಚ್ಚರಿಸಿದ್ದರು. ಒಟ್ಟು 1,06,000 ರೂಪಾಯಿ.

ಆ ಹಾಳೆಯನ್ನು ನೋಡಿ ನಾನು ಬೆರಗಾದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಇಂಥ ಪಾಠವಿರಲಿಲ್ಲ. ವಸ್ತುವಿನ ಬೆಲೆ ಬೇರೆ, ವಸ್ತುವನ್ನು ಸಾಕುವ ಬೆಲೆ ಬೇರೆ ಎಂಬುದು ನಮ್ಮಲ್ಲಿ ಎಷ್ಟೋ ದೊಡ್ಡವರಿಗೆ ಇನ್ನೂ ತಿಳಿದಿಲ್ಲ. ಕಂತಿನಲ್ಲಿ ಬೈಕು ತೆಗೆದು, ಆರನೇ ತಿಂಗಳಿಗೆ ಹೆಂಡತಿಯ ಸರ ಅಡವಿಡುವವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ?

ಆದರೆ ತಾಯಿಯ ಮನಸ್ಸು ನೋಡಿ. ಮೆಚ್ಚುವ ಬದಲು ನಾನು ಇನ್ನೊಂದು ಲೆಕ್ಕ ಹಾಕಿದೆ. ತಿಂಗಳಿಗೆ ಸರಾಸರಿ 800 ರೂಪಾಯಿಯಂತೆ ಕೂಡಿಸಿದರೆ 1,06,000 ಆಗಲು ಹನ್ನೊಂದು ವರ್ಷ ಬೇಕು. "ಅಷ್ಟರಲ್ಲಿ ಇವನ ಹುಚ್ಚೇ ಇಳಿದಿರುತ್ತದೆ" ಎಂದು ನನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟೆ. ಮುಂದೆ ನಾನು ಮಾಡಿದ ತಪ್ಪಿನ ಬೇರು ಇಲ್ಲಿದೆ. ಮಗುವಿನ ಆಸೆ ಈಡೇರದು ಎಂದು ನಾವು ಒಮ್ಮೆ ನಿರ್ಧರಿಸಿದೆವೆಂದರೆ, ಆ ಆಸೆಗಾಗಿ ಕೂಡಿಟ್ಟ ಹಣ ನಮ್ಮ ಕಣ್ಣಿಗೆ ಯಾರದ್ದೂ ಅಲ್ಲದ ಹಣವಾಗಿ ಕಾಣತೊಡಗುತ್ತದೆ.

2025ರ ಮೇ ತಿಂಗಳಲ್ಲಿ ನನ್ನ ನಾದಿನಿಯ ಮಗಳ ಮದುವೆಯಿತ್ತು. ಆ ಏಪ್ರಿಲಿನಲ್ಲಷ್ಟೇ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷದ ಗಡಿ ಮುಟ್ಟಿತ್ತು. ಎರಡು ಗ್ರಾಮಿನ ಉಂಗುರವಾದರೂ ಕೊಡಬೇಕು, ಇಲ್ಲದಿದ್ದರೆ ನಾಲ್ಕು ಜನರ ಮುಂದೆ ತಲೆಯೆತ್ತುವುದು ಹೇಗೆ? ಕೂಲಿ ಸೇರಿ 20,000 ಬೇಕಾಯಿತು. ನನ್ನ ಕೈಯಲ್ಲಿ 11,000 ಇತ್ತು. ಮಗನ ಡಬ್ಬಿಯಲ್ಲಿ 14,600 ಇತ್ತು. ಅವನು ಮನೆಯಲ್ಲಿಲ್ಲದ ಹೊತ್ತಿನಲ್ಲಿ 9,000 ಎಣಿಸಿ ತೆಗೆದೆ. ಮುಂದಿನ ತಿಂಗಳ ಸಂಬಳದಲ್ಲಿ ಹಾಕಿಬಿಡೋಣ ಎಂದುಕೊಂಡೆ. ಸಹೋದರಿಯರೇ, ಹಾಕುವ ಮನಸ್ಸಿಲ್ಲದೆ ತೆಗೆಯುವವರು ಯಾರೂ ಇಲ್ಲ. ಎಲ್ಲರೂ ಹೀಗೆಯೇ ಅಂದುಕೊಂಡು ತೆಗೆಯುತ್ತಾರೆ.

ಮದುವೆ ಮುಗಿದ ಮೇಲೆ ಅವನು ಡಬ್ಬಿ ಎಣಿಸಿದ. ನನ್ನ ಬಳಿ ಬಂದು ಕೇಳಿದ. ನಾನು ನಿಜ ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನಾಚಿಕೆಯಾದಾಗ ನಾಲಿಗೆ ಉದ್ದವಾಗುತ್ತದೆ. "ನಿನಗೆ ಹುಟ್ಟಿದಂದಿನಿಂದ ನಾವು ಖರ್ಚು ಮಾಡಿದ್ದಕ್ಕೆ ಲೆಕ್ಕ ಇಟ್ಟಿದ್ದೇವಾ? ಮನೆಯ ಮರ್ಯಾದೆಗಿಂತ ನಿನ್ನ ಆ ಹಳೆ ಕಾರು ದೊಡ್ಡದಾ?" ಎಂದುಬಿಟ್ಟೆ. ಅವನು ಎದುರು ಮಾತಾಡಲಿಲ್ಲ. ಒಳಗೆ ಹೋದ. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಒಂದು ಗೆರೆಯೂ ಬರೆಯಲಿಲ್ಲ.

ಉಳಿದ 5,600 ರೂಪಾಯಿ ಎರಡು ತಿಂಗಳಲ್ಲಿ ಕರಗಿತು. ಕಿವಿಗೆ ಹಾಕುವ ಯಂತ್ರ ಬಂತು, ಗೆಳೆಯರಿಗೆ ಬಿರಿಯಾನಿ ಆಯಿತು, ಎರಡು ವಾರದಲ್ಲಿ ಅಡಿ ಕಿತ್ತು ಹೋದ ಬೂಟುಗಳು ಬಂದವು. ಎಂದೂ ಪೋಲು ಮಾಡದ ಹುಡುಗ ಹೀಗೇಕಾದ ಎಂದು ನಾನು ಗದರಿದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ, "ಕೂಡಿಟ್ಟರೆ ಬೇರೆಯವರು ತೆಗೆಯುತ್ತಾರೆ ಉಮ್ಮಾ. ಖರ್ಚು ಮಾಡಿದರೆ ಅಷ್ಟಾದರೂ ನನ್ನದು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಉಮ್ಮನ ನೆನಪಾಯಿತು. ತವರಿನಿಂದ ತಂದ ಎರಡು ಬಳೆಗಳು ಅವರ ಕೈಯಲ್ಲಿದ್ದವು. ಒಬ್ಬರ ಗಲ್ಫ್ ವೀಸಾಕ್ಕೆಂದು ಅವು ಹೋದವು. ಬಿಡಿಸಿ ಕೊಡುತ್ತೇವೆ ಎಂದಿದ್ದರು. ಬಿಡಿಸಲಿಲ್ಲ. ಉಮ್ಮ ಯಾರಿಗೂ ಏನೂ ಹೇಳಲಿಲ್ಲ. ಆದರೆ ಮದುವೆ ಮನೆಗೆ ಹೊರಡುವಾಗಲೆಲ್ಲ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಸಾಸಿವೆ ಡಬ್ಬಿಯಲ್ಲಿ, ಅಕ್ಕಿಯ ಪಾತ್ರೆಯ ತಳದಲ್ಲಿ ನಾವು ಹೆಂಗಸರು ಬಚ್ಚಿಡುವ ಹಣ ಹೇಗೆ ಮಾಯವಾಗುತ್ತದೆ, ಕೇಳಿದರೆ ಎಂಥ ಉತ್ತರ ಸಿಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. "ನಿನಗೆ ಊಟಕ್ಕೇನು ಕಡಿಮೆಯಾಗಿದೆ?" ಎಂಬ ಆ ಮಾತನ್ನು ಕೇಳಿ ಬೆಳೆದವಳು ನಾನು. ಅದೇ ಮಾತನ್ನು ಬೇರೆ ಪದಗಳಲ್ಲಿ ನನ್ನ ಮಗನಿಗೆ ಹೇಳಿದ್ದೆ.

ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮಾಡಿ, ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವವಳು ನಾನು. 'ಅಮಾನತ್' ಎಂಬ ಪದವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂದು ಲೆಕ್ಕವಿಲ್ಲ. ಅನಾಥರ ಸೊತ್ತಿನ ವಿಷಯ ಬಂದರೆ ನಮ್ಮ ಸ್ವರವೇ ನಡುಗುತ್ತದೆ. ತಂದೆ ತಾಯಿ ಇರುವ ಮಗುವಿನ ಡಬ್ಬಿಯ ವಿಷಯದಲ್ಲಿ ಮಾತ್ರ ನಮಗೆ ಯಾವ ನಡುಕವೂ ಇಲ್ಲ. ಮಗನ ಹಣ ಹೆತ್ತವರದ್ದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಕಾಯಿಲೆ ಬಿದ್ದಾಗ, ಒಲೆ ಉರಿಯದ ದಿನ ಬಂದಾಗ ಯಾವ ಮಗುವೂ ತನ್ನ ಡಬ್ಬಿಯನ್ನು ಬಚ್ಚಿಡುವುದಿಲ್ಲ. ಕೇಳಿದರೆ ತಾನೇ ತಂದು ಮಡಿಲಿಗೆ ಸುರಿಯುತ್ತದೆ. ಆದರೆ ಉಂಗುರ ಕಾಯಿಲೆಯಲ್ಲ. ನಾಲ್ಕು ಜನರ ಮುಂದೆ ತಲೆಯೆತ್ತುವ ನನ್ನ ಆಸೆಗೆ ನಾನು ಮಗನಿಂದ ಬೆಲೆ ಕಟ್ಟಿಸಿದ್ದೆ. ಅವನ ಆಸೆಯನ್ನು ಹುಚ್ಚು ಎಂದಿದ್ದೆ. ನನ್ನದು ಮರ್ಯಾದೆಯಾಗಿತ್ತು!

ಇಷ್ಟೆಲ್ಲ ಅನಿಸಿದ ಮೇಲೂ ನಾನು ಹಣ ಹಾಕಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಜೂನಿನಲ್ಲಿ ಕಾಲೇಜಿನ ಶುಲ್ಕ, ಜುಲೈಯಲ್ಲಿ ಮಳೆಗೆ ಸೋರುವ ಮಾಡು, ಒಂದರ ಹಿಂದೆ ಒಂದು ಕಾರಣ ಬಂತು. ಸೆಪ್ಟೆಂಬರಿನ ಒಂದು ದಿನ ಶಾಲೆಯಿಂದ ಬರುವಾಗ ಮಾಷ್ಟ್ರ ಮನೆಯ ಶೆಡ್ಡು ಖಾಲಿಯಾಗಿತ್ತು. ಗೇಟಿನ ಬಳಿ ನಿಂತಿದ್ದ ಮಾಷ್ಟ್ರೇ ಮಾತು ತೆಗೆದರು.

"ಟೀಚರ್, ಬೆಂಗಳೂರಿನವರೊಬ್ಬರು ತೆಗೆದುಕೊಂಡು ಹೋದರು. ನಿಮ್ಮ ಹುಡುಗನಿಗೇ ಇಟ್ಟಿದ್ದೆ. ಹದಿನೆಂಟು ತುಂಬುವಾಗ ಅರ್ಧ ಹಣ ತಾ, ಉಳಿದದ್ದು ನೀನು ದುಡಿಯಲು ಶುರು ಮಾಡಿದ ಮೇಲೆ ಕೊಡು ಎಂದಿದ್ದೆ. ತಿಂಗಳಿಗೊಮ್ಮೆ ಬಂದು ಎಷ್ಟಾಯಿತೆಂದು ಹೇಳಬೇಕು ಎಂಬುದೊಂದೇ ಷರತ್ತು. ಒಂದು ತಿಂಗಳೂ ತಪ್ಪಿಸಿದವನಲ್ಲ. ಜೂನಿನಿಂದ ಬರಲೇ ಇಲ್ಲ. ಕರೆದು ಕೇಳಿದರೆ, ಬೇಡ ಸರ್, ಕೊಟ್ಟುಬಿಡಿ ಎಂದ."

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಅರ್ಧವೆಂದರೆ 27,500. ತಿಂಗಳಿಗೆ 800ರಂತೆ ಅವನಿಗೆ ಹದಿನೆಂಟು ತುಂಬುವ 2027ರ ಜೂನಿಗೆ ಅದು ಸುಲಭವಾಗಿ ಆಗುತ್ತಿತ್ತು. ಕಾರು ಅವನ ಅಂಗಳಕ್ಕೆ ಬರುತ್ತಿತ್ತು. ಉಳಿದ ರಿಪೇರಿ ಒಂದೊಂದಾಗಿ ಆಗುತ್ತಿತ್ತು. ನನ್ನ ಹನ್ನೊಂದು ವರ್ಷದ ಲೆಕ್ಕ ತಪ್ಪಾಗಿತ್ತು, ಏಕೆಂದರೆ ನಾನು ಅವನನ್ನು ಒಂದು ಮಾತೂ ಕೇಳಿರಲಿಲ್ಲ. ಮನೆಗೆ ಬಂದಾಗ ಉಪ್ಪ ಮಂಚದಲ್ಲಿ ಒರಗಿ ತಸ್ಬೀಹ್ ಎಣಿಸುತ್ತಿದ್ದರು. ಮೊಮ್ಮಗನ ಯೋಜನೆ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಎಪ್ಪತ್ತೆಂಟು ವರ್ಷ.

ಮುಂದಿನ ತಿಂಗಳು ಅಕ್ಟೋಬರ್ 2ರಂದು ಕಾಲೇಜಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಬಗ್ಗೆ ಮಾತನಾಡಲು ಮಗನಿಗೆ ಹೇಳಿದ್ದರು. ಗಾಂಧೀಜಿಯ ಜನ್ಮದಿನವೇ ಶಾಸ್ತ್ರಿಯವರದ್ದೂ ತಾನೇ. ಹಿಂದಿನ ರಾತ್ರಿ ಅಡುಗೆ ಕೋಣೆಯಲ್ಲಿ ನನ್ನ ಮುಂದೆ ನಿಂತು ಭಾಷಣ ಒಪ್ಪಿಸಿದ. ಅದರಲ್ಲಿ ಒಂದು ಕಾರಿನ ಪ್ರಸಂಗವಿತ್ತು. ಶಾಸ್ತ್ರಿಯವರ ಮಗ ಅನಿಲ್ ಶಾಸ್ತ್ರಿಯವರು ಹಲವು ಸಲ ಹೇಳಿಕೊಂಡಿರುವ ಸಂಗತಿ ಅದು. 1964ರಲ್ಲಿ ಶಾಸ್ತ್ರಿಯವರು ಪ್ರಧಾನಿಯಾದಾಗ ಅವರ ಬಳಿ ಸ್ವಂತ ಕಾರಿರಲಿಲ್ಲ. ಕಾರು ಬೇಕೆಂದು ಮಕ್ಕಳು ಕೇಳಿದರು. ವಿಚಾರಿಸಿದಾಗ ಫಿಯೆಟ್ ಕಾರಿನ ಬೆಲೆ 12,000 ರೂಪಾಯಿ. ಬ್ಯಾಂಕಿನಲ್ಲಿ ಇದ್ದದ್ದು 7,000. ಉಳಿದ 5,000 ರೂಪಾಯಿಯನ್ನು ದೇಶದ ಪ್ರಧಾನಿ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ಪಡೆದರು. ಸಾಲ ತೀರುವ ಮೊದಲೇ, 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಅವರು ತೀರಿಕೊಂಡರು. ಬಾಕಿಯನ್ನು ಅವರ ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರನ್ನು ಇಂದಿಗೂ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಕಾಪಾಡಿ ಇಟ್ಟಿದ್ದಾರೆ.

"ಪದ್ಮಿನಿಯ ಅಕ್ಕ ಅದು ಉಮ್ಮಾ, ಅದೇ ಫಿಯೆಟ್" ಎಂದ ಮಗ. ಐದು ತಿಂಗಳ ಮೇಲೆ ಅವನ ಮುಖದಲ್ಲಿ ಆ ಹಳೆಯ ಬೆಳಕು ಕಂಡೆ. ನನ್ನನ್ನು ಚುಚ್ಚಲು ಅವನು ಹೇಳಿದ್ದಲ್ಲ. ಆದರೆ ನನಗೆ ಚುಚ್ಚಿತು. ಗಂಡ ಮಾಡಿದ ಸಾಲವನ್ನು ಒಬ್ಬ ಹೆಣ್ಣುಮಗಳು ಪಿಂಚಣಿಯಿಂದ ತೀರಿಸಿದ್ದಳು. ನಾನೇ ಮಾಡಿದ ಸಾಲವನ್ನು ತೀರಿಸಲು ನನಗೆ ಸಂಬಳವಿತ್ತು, ಮನಸ್ಸಿರಲಿಲ್ಲ.

ಅಂದು ರಾತ್ರಿ ಹಾಜರಿ ಪುಸ್ತಕ ಹುಡುಕಿ ತೆಗೆದೆ. ಮೇ ತಿಂಗಳ ಬಳಿಕ ಖಾಲಿಯಿದ್ದ ಹಾಳೆಯಲ್ಲಿ ಬರೆದೆ. 'ಉಮ್ಮ ತೆಗೆದ ಸಾಲ 9,000. ಅಕ್ಟೋಬರ್, ನವೆಂಬರ್, ಡಿಸೆಂಬರ್ ತಲಾ 3,000.' ಕೆಳಗೆ ಸಹಿ ಹಾಕಿದೆ. ಸಾಲವನ್ನು ಬರೆದಿಡಬೇಕು ಎಂದು ಪರರ ಮಕ್ಕಳಿಗೆ ಪಾಠ ಹೇಳುವವಳು ನನ್ನ ಮಗನ ಸಾಲವನ್ನು ಬರೆಯಲು ಐದು ತಿಂಗಳು ತೆಗೆದುಕೊಂಡಿದ್ದೆ. ಬೆಳಿಗ್ಗೆ ಅವನಿಗೆ ತೋರಿಸಿ, "ತಪ್ಪಾಯಿತು ಮೋನೇ. ಹಣ ತೆಗೆದದ್ದೂ ತಪ್ಪು, ಆಮೇಲೆ ಆಡಿದ ಮಾತೂ ತಪ್ಪು" ಎಂದೆ. ಅವನು ಸುಮ್ಮನೆ ಪುಸ್ತಕ ನೋಡುತ್ತಾ ನಿಂತ. "ಕಾಲೇಜಿಗೆ ಹೊತ್ತಾಯಿತು" ಎಂದು ಹೊರಟುಹೋದ. ಅಷ್ಟು ಸುಲಭವಾಗಿ ಎಲ್ಲವೂ ಸರಿಯಾಗುತ್ತದೆ ಎಂದು ನಾನು ನಿಮಗೆ ಹೇಳಲಾರೆ. ಎರಡನೇ ಕಂತು ಕೊಟ್ಟ ದಿನ ಮಾತ್ರ ಅವನು ನೋಟುಗಳನ್ನು ಎಣಿಸಿ, ಪುಸ್ತಕ ತೆಗೆದು, ತನ್ನ ಕೈಯಿಂದಲೇ ದಿನಾಂಕ ಬರೆದ.

ಈಗ ನಾಲ್ಕು ಮಾತು ಹೇಳುವ ಹಕ್ಕು ನನಗಿದೆಯೋ ಇಲ್ಲವೋ, ಹೇಳುತ್ತೇನೆ. ಮಕ್ಕಳ ಹಣ ಮುಟ್ಟಬೇಕಾಗಿ ಬಂದರೆ ಮೊದಲು ಕೇಳಿ. ಕೊಡಲಾರೆ ಎಂದರೆ ಬಿಟ್ಟುಬಿಡಿ. ಕೊಟ್ಟರೆ ಮೊತ್ತವನ್ನೂ ಮರಳಿಸುವ ದಿನವನ್ನೂ ಅವರ ಕಣ್ಣ ಮುಂದೆಯೇ ಬರೆಯಿರಿ. ನೂರು ರೂಪಾಯಿಯಾದರೂ ಸರಿ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. 2025ರಲ್ಲಿ ಆ ನಿಯಮಗಳನ್ನು ಇನ್ನಷ್ಟು ಸ್ಪಷ್ಟಗೊಳಿಸಿದೆ. ಎಷ್ಟು ಮೊತ್ತದವರೆಗೆ ಎಂಬ ಮಿತಿಯನ್ನು ಆಯಾ ಬ್ಯಾಂಕು ಹೇಳುತ್ತದೆ. ಚಲನ್ ತುಂಬುವುದನ್ನು, ಪಾಸ್ ಪುಸ್ತಕ ಓದುವುದನ್ನು ಅವರೇ ಕಲಿಯಲಿ. ಖಾತೆಗೆ ಬೀಳುವ ಬಡ್ಡಿ ಬೇಡ ಎನ್ನುವ ಮನೆಗಳಲ್ಲಿ ಅದನ್ನು ಬೇರೆಯಾಗಿ ಬರೆದಿಡುವ ಲೆಕ್ಕವನ್ನೂ ಮಕ್ಕಳಿಗೇ ಒಪ್ಪಿಸಿ.

ಹೆಣ್ಣುಮಕ್ಕಳ ಡಬ್ಬಿಯನ್ನು ಇನ್ನೂ ಜಾಗ್ರತೆಯಿಂದ ಕಾಯಿರಿ. ಗಂಡುಮಗನ ಹಣ ತೆಗೆದರೆ ಅವನು ಕೇಳಿಯಾನು. ಹೆಣ್ಣುಮಗಳು ಕೇಳುವುದಿಲ್ಲ, "ಇರಲಿ ಉಮ್ಮಾ" ಎನ್ನುತ್ತಾಳೆ. ಆ 'ಇರಲಿ'ಯನ್ನು ಅವಳು ನಮ್ಮನ್ನು ನೋಡಿಯೇ ಕಲಿಯುತ್ತಾಳೆ. ಮುಂದೆ ಜೀವಮಾನವಿಡೀ ಹೇಳುತ್ತಾಳೆ.

ಇನ್ನೊಂದು ವಿಷಯ. ಮಗನ ಆಸೆಗೆ ನೀರೆರೆಯುವುದು ಎಂದರೆ ವಯಸ್ಸಿಗೆ ಮೊದಲೇ ಕೀಲಿ ಕೈಗೆ ಕೊಡುವುದಲ್ಲ. ಕಾರು ಓಡಿಸಲು ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯ ಬಳಿಕ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕೇಳಿದ ಕೂಡಲೇ ಸಾಲ ಮಾಡಿ ಬೈಕು ಕೊಡಿಸಿ, ಹದಿನಾರರ ಹುಡುಗನನ್ನು ಹೆದ್ದಾರಿಗೆ ಬಿಡುವುದನ್ನು ನಾವು ಪ್ರೀತಿ ಎನ್ನುತ್ತೇವೆ. ನಾಲ್ಕು ವರ್ಷ ಕಾಯಲು ಸಿದ್ಧನಾಗಿ, ಅಡಿಕೆ ಸುಲಿದು ಚಿಲ್ಲರೆ ಕೂಡಿಸುವವನನ್ನು ಹುಚ್ಚ ಎನ್ನುತ್ತೇವೆ. ಇದರಲ್ಲಿ ಹುಚ್ಚು ಯಾರದ್ದು?

ಡಿಸೆಂಬರಿನಲ್ಲಿ ಕೊನೆಯ 3,000 ಕೊಟ್ಟೆ. ಮಗ ನಾನು ಬರೆದ ಸಾಲಿನ ಕೆಳಗೆ 'ಚುಕ್ತಾ' ಎಂದು ಬರೆದು ಸಹಿ ಹಾಕಿದ. ಆಮೇಲೆ ಕೊನೆಯ ಹಾಳೆ ತಿರುಗಿಸಿದ. ಇಪ್ಪತ್ತು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣದ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಹೆಚ್ಚಿಸಿದ್ದಾರೆ. ಅವನು 5,000 ಎಂಬುದನ್ನು ಹೊಡೆದು 10,000 ಎಂದು ಬರೆದ. ಒಟ್ಟು ಮೊತ್ತವನ್ನು 1,11,000 ಎಂದು ತಿದ್ದಿದ. ಮಾಷ್ಟ್ರ ಕಾರು ಹೋಗಿಯಾಗಿದೆ, ಇದು ಯಾವ ಕಾರಿಗೆ ಎಂದು ನಾನು ಕೇಳಲಿಲ್ಲ. ಅವನೇ ಹೇಳಿದ, "ಗ್ಯಾರೇಜಿನ ಕಾಕ ಇನ್ನೊಂದು ಇದೆ ಎಂದಿದ್ದಾರೆ. ನೋಡೋಣ."

ಅಂದು ಸಂಜೆ ನನ್ನ ಮನೆಯವರು ತಾವಾಗಿಯೇ ಮಗನನ್ನು ಕರೆದು, ಆ ಕಾರು ಎಲ್ಲಿದೆ, ಯಾವ ವರ್ಷದ್ದು ಎಂದು ವಿಚಾರಿಸಿದರು. ನಗಲಿಲ್ಲ. ಮಂಚದಿಂದ ಉಪ್ಪ ಕಿವಿಗೊಟ್ಟು ಕೇಳುತ್ತಿದ್ದರು. "ಯಾವ ಕಾರಿನ ಮಾತು ಮೋನೇ?" ಎಂದರು. ಮಗ ನನ್ನ ಮುಖ ನೋಡಿದ. ಬಳಿಕ ಅಜ್ಜನ ಪಕ್ಕ ಹೋಗಿ ಕುಳಿತು, ಮೊದಲಿನಿಂದ ಹೇಳತೊಡಗಿದ.

ಸಹೋದರಿಯರೇ, ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಒಮ್ಮೆ ನೆನಪು ಮಾಡಿಕೊಳ್ಳಿ. ಯಾವ ಈದ್‌ನ ನೋಟು, ಯಾವ ಬಹುಮಾನದ ಹಣ, ಯಾವ ಡಬ್ಬಿಯಿಂದ ಎಷ್ಟು ತೆಗೆದಿರಿ? ನೀವು ಮರೆತಿರಬಹುದು. ಅವರು ಮರೆತಿರುವುದಿಲ್ಲ. ಒಂದು ಹಾಳೆ ತೆಗೆದು ಬರೆಯಿರಿ. ಬೆಳಿಗ್ಗೆ ಅವರಿಗೆ ತೋರಿಸಿ.